ಶಾಲೆಗಳನ್ನು ಕೂಡಿಸುವ ಮೊದಲು

2012ರ ಜನವರಿ 6ರಂದು ಫಿಲಡೆಲ್ಫಿಯಾದ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯ ಒಂದು ಪಟ್ಟಿ ಹೊರಡಿಸಿತು. ಅದರಲ್ಲಿ 45 ಪ್ರಾಥಮಿಕ ಶಾಲೆಗಳು, 4 ಪ್ರೌಢಶಾಲೆಗಳು. ಇವು ಮುಚ್ಚಬೇಕು, ಇಲ್ಲವೇ ಹತ್ತಿರದ ಇನ್ನೊಂದು ಶಾಲೆಯ ಜೊತೆ ಕೂಡಬೇಕು ಎಂಬುದು 16 ಜನರ ಸಮಿತಿಯೊಂದರ ಶಿಫಾರಸು. ಸಮಿತಿಯನ್ನು ನೇಮಿಸಿದವರು ಹಿಂದಿನ ಆರ್ಚ್‌ಬಿಷಪ್ ಕಾರ್ಡಿನಲ್ ಜಸ್ಟಿನ್ ರಿಗಾಲಿ. ಅದರ ಭಾರ ಹೊರಬೇಕಾಗಿ ಬಂದದ್ದು ಹುದ್ದೆಗೆ ಬಂದು ನಾಲ್ಕೇ ತಿಂಗಳಾಗಿದ್ದ ಚಾರ್ಲ್ಸ್ ಶಾಪ್ಯು ಅವರಿಗೆ. ಆ ಪ್ರಕಟಣೆಯ ಹಿಂದಿನ ದಿನ, ಜನವರಿ 5, ಅಮೆರಿಕದ ಕ್ಯಾಥೊಲಿಕರಿಗೆ ಸಂತ ಜಾನ್ ನ್ಯೂಮನ್ ಅವರ ಹಬ್ಬ. ಬೊಹೀಮಿಯಾದಿಂದ ವಲಸೆ ಬಂದ ನ್ಯೂಮನ್ ಇದೇ ಫಿಲಡೆಲ್ಫಿಯಾಕ್ಕೆ 1852ರಿಂದ 1860ರವರೆಗೆ ಬಿಷಪ್ ಆಗಿದ್ದವರು. ಬಿಡಿಬಿಡಿಯಾಗಿದ್ದ ಚರ್ಚಿನ ಶಾಲೆಗಳನ್ನು ಆ ದೇಶದಲ್ಲಿ ಮೊದಲ ಸಲ ಒಂದು ಧರ್ಮಪ್ರಾಂತ್ಯದ ವ್ಯವಸ್ಥೆಯಾಗಿ ಕಟ್ಟಿದ ಹೆಸರು ಅವರದು. ಕ್ಯಾಲೆಂಡರಿನ ಆಕಸ್ಮಿಕವೇ ಇರಬಹುದು, ಆದರೆ ಕಟ್ಟಿದವರ ನೆನಪೂ ಮುಚ್ಚುವವರ ಪಟ್ಟಿಯೂ ಒಂದರ ಪಕ್ಕ ಒಂದು ಬಂದವು.

ಆ ಪಟ್ಟಿಯನ್ನು ಹಣಕಾಸಿನ ವಿಷಯವೆಂದು ಓದಿದವರು ಹಲವರು. ಮಕ್ಕಳು ಕಡಿಮೆ, ಖರ್ಚು ಹೆಚ್ಚು, ಆದ್ದರಿಂದ ಕೂಡಿಸಿ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಲೆಕ್ಕದ ಪುಸ್ತಕ ಯಾರದು, ಅದರಲ್ಲಿ ಯಾರ ಆದಾಯ ಬರೆದಿದೆ, ಯಾರದು ಬರೆದಿಲ್ಲ ಎಂದು ಕೇಳಿದ ಕೂಡಲೇ ವಿಷಯ ಹಣಕಾಸನ್ನು ದಾಟಿ ಧರ್ಮಕ್ಕೆ ಬರುತ್ತದೆ. ಒಂದೇ ಪರಮಪ್ರಸಾದ ಸ್ವೀಕರಿಸುವ ಜನ ಒಬ್ಬರ ಮಕ್ಕಳ ಓದಿಗೆ ಇನ್ನೊಬ್ಬರು ಎಷ್ಟರಮಟ್ಟಿಗೆ ಹೊಣೆ? ಶಾಲೆಗಳನ್ನು ಕೂಡಿಸುವ ಯೋಜನೆ ಕೈಗೆತ್ತಿಕೊಂಡ ಯಾವ ಬಿಷಪ್ಪರಿಗೂ ಈ ಪ್ರಶ್ನೆಗೆ ಉತ್ತರಿಸದೆ ಮುಂದಿನ ಹೆಜ್ಜೆ ಇಡುವ ಹಕ್ಕಿಲ್ಲ.

ಈ ಶಾಲೆಗಳು ಹುಟ್ಟಿದ್ದು ನೆಮ್ಮದಿಯ ಕಾಲದಲ್ಲಿ ಅಲ್ಲ. 1840ರ ದಶಕದ ಫಿಲಡೆಲ್ಫಿಯಾದ ಸಾರ್ವಜನಿಕ ಶಾಲೆಗಳಲ್ಲಿ ದಿನವೂ ಬೈಬಲ್ ಓದಿಸುತ್ತಿದ್ದರು. ಅದು ಪ್ರಾಟೆಸ್ಟಂಟರ ಕಿಂಗ್ ಜೇಮ್ಸ್ ಬೈಬಲ್. ಕ್ಯಾಥೊಲಿಕ್ ಮಕ್ಕಳಿಗೆ ತಮ್ಮ ಬೈಬಲ್ ಓದಲು ಬಿಡಿ ಎಂದು ಬಿಷಪ್ ಫ್ರಾನ್ಸಿಸ್ ಕೆನ್ರಿಕ್ ಕೇಳಿಕೊಂಡರು. ಬೈಬಲನ್ನೇ ಶಾಲೆಯಿಂದ ಹೊರಗಟ್ಟಲು ಹೊರಟಿದ್ದಾರೆ ಎಂದು ವದಂತಿ ಹಬ್ಬಿತು. 1844ರ ಮೇ ತಿಂಗಳಲ್ಲಿ ಗಲಭೆ ಎದ್ದು ಸೇಂಟ್ ಮೈಕಲ್, ಸೇಂಟ್ ಆಗಸ್ಟೀನ್ ಚರ್ಚುಗಳು ಸುಟ್ಟುಹೋದವು, ಐರಿಷ್ ವಲಸಿಗರ ಮನೆಗಳು ಬೂದಿಯಾದವು, ಹಲವರು ಸತ್ತರು. ಜುಲೈಯಲ್ಲಿ ಮತ್ತೊಮ್ಮೆ ಗಲಭೆ. ಅದನ್ನೆಲ್ಲ ಕಂಡ ಊರಿಗೆ ಬಿಷಪ್ ಆಗಿ ಬಂದ ನ್ಯೂಮನ್ ಶಾಲೆ ಕಟ್ಟುವುದನ್ನೇ ಹಟ ಹಿಡಿದು ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ನಲವತ್ತೆಂಟನೆಯ ವಯಸ್ಸಿಗೆ, ಫಿಲಡೆಲ್ಫಿಯಾದ ಬೀದಿಯಲ್ಲಿ ನಡೆದುಹೋಗುತ್ತಿದ್ದಾಗಲೇ ಕುಸಿದು ಅವರು ತೀರಿಕೊಂಡರು.

ಒಂದು ತಲೆಮಾರು ಕಳೆದ ಮೇಲೆ, 1884ರಲ್ಲಿ, ಅಮೆರಿಕದ ಬಿಷಪ್ಪರೆಲ್ಲ ಬಾಲ್ಟಿಮೋರ್‌ನಲ್ಲಿ ಸೇರಿ ಒಂದು ಕಟ್ಟಳೆ ಮಾಡಿದರು. ಶಾಲೆ ಇಲ್ಲದ ಪ್ರತಿಯೊಂದು ಚರ್ಚಿನ ಬಳಿ ಎರಡು ವರ್ಷದೊಳಗೆ ಶಾಲೆ ಆಗಬೇಕು. ಅಸಡ್ಡೆ ಮಾಡುವ ಧರ್ಮಗುರುವನ್ನು ಸ್ಥಾನದಿಂದ ತೆಗೆಯಲೂಬಹುದು. ತಂದೆತಾಯಿ ಮಕ್ಕಳನ್ನು ಅಲ್ಲಿಗೇ ಕಳುಹಿಸತಕ್ಕದ್ದು. ಈ ಕಟ್ಟಳೆ ಎಂದೂ ಪೂರ್ತಿಯಾಗಿ ಜಾರಿಗೆ ಬರಲಿಲ್ಲ. ಶಾಲೆಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲೂ ಕ್ಯಾಥೊಲಿಕ್ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಅಲ್ಲಿದ್ದರು. ಆದರೂ 1960ರ ದಶಕದ ಮೊದಲ ಭಾಗದ ಹೊತ್ತಿಗೆ ದೇಶದಾದ್ಯಂತ 13,000ದ ಹತ್ತಿರ ಶಾಲೆಗಳು, 52 ಲಕ್ಷ ಮಕ್ಕಳು. ಸರಕಾರದ ಒಂದು ಕಾಸೂ ಇಲ್ಲದೆ, ಬಂದರಿನ ಕೂಲಿಗಳು, ಗಣಿ ಕಾರ್ಮಿಕರು, ಮನೆಗೆಲಸದ ಹೆಂಗಸರು ಕಾಣಿಕೆ ತಟ್ಟೆಗೆ ಹಾಕಿದ ಚಿಲ್ಲರೆಯಿಂದ ಎದ್ದ ಶಾಲೆಗಳು ಇವು. ಇಂಥ ಕಟ್ಟಡದ ಮುಂದೆ ಬೀಗ ಹಿಡಿದು ನಿಲ್ಲುವವರ ಕೈ ನಡುಗಲೇಬೇಕು.

ಆದರೆ 1884ರ ಕಟ್ಟಳೆಯಲ್ಲೇ ಒಂದು ಕೊರತೆ ಇತ್ತು. ಅದು ಪ್ರತಿ ಧರ್ಮಕೇಂದ್ರಕ್ಕೂ ಶಾಲೆ ಕಟ್ಟು ಎಂದಿತು. ನೆರೆಯ ಧರ್ಮಕೇಂದ್ರದ ಶಾಲೆಗೆ ಹೆಗಲು ಕೊಡು ಎನ್ನಲಿಲ್ಲ. ಸಿರಿವಂತ ಬಡಾವಣೆಯ ಚರ್ಚಿಗೂ ಕಾರ್ಖಾನೆ ಬದಿಯ ಚರ್ಚಿಗೂ ಒಂದೇ ಆಜ್ಞೆ, ಬೇರೆ ಬೇರೆ ಜೇಬು. ಆ ಕೊರತೆ ಎಂಬತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಅದನ್ನು ಮುಚ್ಚಿ ಹಿಡಿದವರು ಕನ್ಯಾಸ್ತ್ರೀಯರು.

ಫಿಲಡೆಲ್ಫಿಯಾದ ಯಾವ ಹಳೆಯ ವಿದ್ಯಾರ್ಥಿಯನ್ನು ಕೇಳಿದರೂ ಮೊದಲು ಬರುವುದು ಸಿಸ್ಟರುಗಳ ಮಾತು. ಸಂತ ಜೋಸೆಫರ ಸಭೆಯವರು, ನಿರ್ಮಲ ಹೃದಯ ಮರಿಯಳ ಸಭೆಯವರು, ಪೋಲಿಷ್ ಮಕ್ಕಳಿಗೆ ಪೋಲಿಷ್ ಸಭೆಗಳ ಭಗಿನಿಯರು. 1920ರಲ್ಲಿ ಅಮೆರಿಕದ ಕ್ಯಾಥೊಲಿಕ್ ಶಾಲೆಗಳ ಬೋಧಕರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ವ್ರತ ತೊಟ್ಟವರೇ. ಅವರಿಗೆ ಸಂಬಳ ಎಂಬುದಿರಲಿಲ್ಲ. ಕಾನ್ವೆಂಟಿನ ಊಟ ಬಟ್ಟೆಗೆ ಸಾಕಾಗುವಷ್ಟು ಒಂದು ಸಣ್ಣ ಮೊತ್ತ ಸಭೆಗೆ ಸಂದಾಯವಾಗುತ್ತಿತ್ತು. ಒಂದೊಂದು ಕೋಣೆಯಲ್ಲಿ ಐವತ್ತು ಅರವತ್ತು ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಪದವಿಯನ್ನು ಬೇಸಿಗೆ ರಜೆಗಳಲ್ಲಿ ಓದಿ ಓದಿ, ಹತ್ತು ಹದಿನೈದು ವರ್ಷಕ್ಕೆ ಮುಗಿಸಿದವರೂ ಅವರಲ್ಲಿದ್ದರು. ಶುಲ್ಕ ಇಲ್ಲದ ಅಥವಾ ಹೆಸರಿಗಷ್ಟೇ ಶುಲ್ಕವಿದ್ದ ಶಾಲೆ ಎಂದು ಊರು ಹೆಮ್ಮೆಪಟ್ಟದ್ದರ ಹಿಂದೆ ಇದ್ದದ್ದು ಈ ಹೆಂಗಸರ ದುಡಿಮೆ.

1965ರಲ್ಲಿ ಅಮೆರಿಕದಲ್ಲಿ ಸುಮಾರು 1,80,000 ಕನ್ಯಾಸ್ತ್ರೀಯರಿದ್ದರು. ಇಂದು 40,000ಕ್ಕಿಂತ ಕಡಿಮೆ, ಅವರಲ್ಲಿ ಬಹುಪಾಲು ವೃದ್ಧೆಯರು. ಶಾಲೆಗಳ ಸಿಬ್ಬಂದಿಯಲ್ಲಿ ಧಾರ್ಮಿಕ ಸಭೆಗಳವರು ಈಗ ಶೇ 3ರಷ್ಟೂ ಇಲ್ಲ. ಅವರ ಜಾಗಕ್ಕೆ ಬಂದ ಶಿಕ್ಷಕರಿಗೆ ಮನೆ ಬಾಡಿಗೆ ಕಟ್ಟಬೇಕು, ಮಕ್ಕಳನ್ನು ಸಾಕಬೇಕು, ಆರೋಗ್ಯ ವಿಮೆ ಬೇಕು, ನಿವೃತ್ತಿ ವೇತನ ಬೇಕು. ನ್ಯಾಯವಾದ ಸಂಬಳ ಕೊಡುವುದು ಚರ್ಚು ತಾನೇ ಲೋಕಕ್ಕೆ ಬೋಧಿಸುವ ಸಾಮಾಜಿಕ ನೀತಿ. ಅದನ್ನು ಪಾಲಿಸಿದ ದಿನದಿಂದ ಶಾಲೆಯ ನಿಜವಾದ ಖರ್ಚು ಹೊರಗೆ ಬಂತು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಈ ಭಗಿನಿಯರಿಗೆ ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಸೇರುವ ದಾರಿ ತೆರೆದದ್ದು 1972ರ ಕಾನೂನಿನಿಂದ. ಅಷ್ಟರಲ್ಲಿ ಎಷ್ಟೋ ಮಂದಿಯ ದುಡಿಯುವ ವಯಸ್ಸೇ ಮುಗಿದಿತ್ತು. ವೃದ್ಧ ಭಗಿನಿಯರ, ಬ್ರದರುಗಳ ಆರೈಕೆಗೆಂದು 1988ರಿಂದ ಪ್ರತಿ ವರ್ಷ ಚರ್ಚುಗಳಲ್ಲಿ ಒಂದು ಭಾನುವಾರ ಕಾಣಿಕೆ ಎತ್ತಲಾಗುತ್ತಿದೆ. ಅದು ಉದಾರ ದಾನವೆಂದು ಭಾವಿಸಿ ಜನ ಕೊಡುತ್ತಾರೆ. ಸರಿಯಾಗಿ ನೋಡಿದರೆ ಅದು ದಾನವಲ್ಲ, ಬಾಕಿ ಸಾಲ. ಶಾಲೆಗಳು ಸೋತವು ಎಂದು ವರದಿ ಬರೆಯುವವರು ಈ ಸಾಲದಿಂದ ಆರಂಭಿಸಿದರೆ ಒಳ್ಳೆಯದು. ಆ ಶಾಲೆಗಳು ತಮ್ಮ ಖರ್ಚನ್ನು ತಾವೇ ಭರಿಸಿದ ಕಾಲ ಒಂದೂ ಇರಲಿಲ್ಲ. ಯಾರೋ ಒಬ್ಬರು ತಮ್ಮ ಜೀವಮಾನವನ್ನೇ ಕೊಟ್ಟು ಭರಿಸಿದ್ದರು.

ಇಂದಿನ ಸಣ್ಣ ಶಾಲೆಯ ಲೆಕ್ಕ ಕಠೋರವಾದದ್ದು. ಕಿಂಡರ್‌ಗಾರ್ಟನ್ನಿಂದ ಎಂಟನೆಯ ತರಗತಿಯವರೆಗೆ ಒಂಬತ್ತು ತರಗತಿ. ಒಂದೊಂದರಲ್ಲಿ 28 ಮಕ್ಕಳಿದ್ದರೂ ಒಂಬತ್ತು ಶಿಕ್ಷಕರು ಬೇಕು, 14 ಮಕ್ಕಳಿದ್ದರೂ ಒಂಬತ್ತೇ ಬೇಕು. ಹಳೆಯ ಬಾಯ್ಲರು ಇಡೀ ಕಟ್ಟಡವನ್ನು ಬೆಚ್ಚಗಿಡಬೇಕು, ಛಾವಣಿ ಅಷ್ಟೇ ಅಗಲ. ಮಕ್ಕಳು ಕಡಿಮೆಯಾದಾಗ ಶುಲ್ಕ ಏರುತ್ತದೆ, ಶುಲ್ಕ ಏರಿದಾಗ ಇನ್ನಷ್ಟು ಮಕ್ಕಳು ಬಿಡುತ್ತಾರೆ. ಧರ್ಮಕೇಂದ್ರದ ಕಾಣಿಕೆಯ ಬಹುಪಾಲು ಶಾಲೆಗೇ ಹೋಗಿ, ಚರ್ಚಿನ ಗೋಡೆ ಸೋರುವುದಕ್ಕೆ ಆರಂಭವಾಗುತ್ತದೆ. ಇದರ ಜೊತೆಗೆ ಮುಚ್ಚುತ್ತಾರಂತೆ ಎಂಬ ಗುಸುಗುಸು ಒಂದು ಎದ್ದರೆ ಸಾಕು, ಮುಂದಿನ ವರ್ಷದ ದಾಖಲಾತಿ ಅರ್ಧಕ್ಕೆ ಬೀಳುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಪೆನ್ಸಿಲ್ವೇನಿಯಾದಲ್ಲಿ 1997ರಿಂದ, ಸರಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳೂ ಬಂದವು: ಸಮವಸ್ತ್ರ, ಶಿಸ್ತು, ಸಣ್ಣ ಆವರಣ, ಶುಲ್ಕವಿಲ್ಲ. ಫಿಲಡೆಲ್ಫಿಯಾ ಮಹಾಧರ್ಮಪ್ರಾಂತ್ಯದ ಶಾಲೆಗಳಲ್ಲಿ 1960ರ ದಶಕದ ಆರಂಭದಲ್ಲಿ ಎರಡೂವರೆ ಲಕ್ಷದಷ್ಟಿದ್ದ ಮಕ್ಕಳು 2011ರ ಹೊತ್ತಿಗೆ 68,000ದ ಆಸುಪಾಸಿಗೆ ಇಳಿದಿದ್ದರು.

ಸರಕಾರ ಸಂಬಳ ಕೊಡುವ ದಾರಿಯೂ ಅಲ್ಲಿ ಮುಚ್ಚಿತ್ತು. ಎಲ್ಲ ಮಕ್ಕಳೂ ಸರಕಾರಿ ಶಾಲೆಗೇ ಬರಬೇಕೆಂದು ಆರೆಗಾನ್ ರಾಜ್ಯ ಮಾಡಿದ ಕಾನೂನನ್ನು 1925ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿ ಖಾಸಗಿ ಶಾಲೆಗಳ ಜೀವ ಉಳಿಸಿತು. 1971ರಲ್ಲಿ ಅದೇ ಕೋರ್ಟು, ಪೆನ್ಸಿಲ್ವೇನಿಯಾದ್ದೇ ಒಂದು ಮೊಕದ್ದಮೆಯಲ್ಲಿ, ಧಾರ್ಮಿಕ ಶಾಲೆಯ ಶಿಕ್ಷಕರ ಸಂಬಳಕ್ಕೆ ರಾಜ್ಯದ ಹಣ ಸಲ್ಲದು ಎಂದಿತು. ಕನ್ನಡ ಕರಾವಳಿಯ ಓದುಗರಿಗೆ ಇದು ವಿಚಿತ್ರವೆನಿಸಬಹುದು. ಇಗರ್ಜಿಯ ಪಕ್ಕದ ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಯ ಸಂಬಳ ಸರಕಾರದ್ದು. ನಿವೃತ್ತರಾದವರ ಜಾಗ ತುಂಬದೆ ಹೋದಾಗ ಆಡಳಿತ ಮಂಡಳಿ ಗೌರವ ಶಿಕ್ಷಕರನ್ನಿಟ್ಟುಕೊಂಡು ವರ್ಷ ದೂಡುತ್ತದೆ. ಕನ್ನಡ ಮಾಧ್ಯಮದ ಎಷ್ಟೋ ಚರ್ಚ್ ಶಾಲೆಗಳಲ್ಲಿ ಮಕ್ಕಳು ಕರಗುತ್ತಿರುವ ಸಂಕಟ ಇಲ್ಲಿಯೂ ಇದೆ, ಆದರೆ ಅದರ ಕಾರಣಗಳು ಬೇರೆ, ಕೈ ಹಿಡಿಯುವವರೂ ಬೇರೆ. ಫಿಲಡೆಲ್ಫಿಯಾದ ಧರ್ಮಕೇಂದ್ರಕ್ಕೆ ತನ್ನ ಭಕ್ತರನ್ನು ಬಿಟ್ಟರೆ ಗತಿಯಿರಲಿಲ್ಲ.

ಹೀಗಿರುವಾಗ ಶಾಲೆಗಳನ್ನು ಕೂಡಿಸುವುದು ಪಾಪವೇನಲ್ಲ. ಒಂದೇ ಬಡಾವಣೆಯಲ್ಲಿ ಐರಿಷರದೊಂದು, ಜರ್ಮನರದೊಂದು, ಪೋಲಿಷರದೊಂದು, ಇಟಾಲಿಯನ್ನರದೊಂದು ಚರ್ಚು, ಪ್ರತಿಯೊಂದಕ್ಕೂ ಶಾಲೆ ಎಂದು ನಾಲ್ಕಾರು ಬೀದಿಗಳ ಅಂತರದಲ್ಲಿ ಎದ್ದು ನಿಂತದ್ದು ಭಾಷೆ ಮರೆಯದಿರಲೆಂದು. ಮೊಮ್ಮಕ್ಕಳ ಕಾಲಕ್ಕೆ ಆ ಭಾಷೆಗಳೂ ಮನೆಯಿಂದ ಹೋದವು, ಆ ಜನರೂ ಉಪನಗರಗಳಿಗೆ ಹೋದರು. ಹನ್ನೆರಡು ಮಕ್ಕಳ ತರಗತಿಗಿಂತ ಇಪ್ಪತ್ತನಾಲ್ಕು ಮಕ್ಕಳ, ಒಳ್ಳೆಯ ಗ್ರಂಥಾಲಯವಿರುವ, ವಿಜ್ಞಾನಕ್ಕೆ ಪ್ರತ್ಯೇಕ ಶಿಕ್ಷಕರಿರುವ ಶಾಲೆ ಮಕ್ಕಳಿಗೆ ಒಳ್ಳೆಯದಾಗಬಹುದು. ಅಜ್ಜ ಕಟ್ಟಿದ ಗೋಡೆ ಎಂಬ ಒಂದೇ ಕಾರಣಕ್ಕೆ ಮೊಮ್ಮಗನನ್ನು ಕೊರತೆಯ ಶಾಲೆಯಲ್ಲಿ ಕೂರಿಸುವುದು ಅಜ್ಜನಿಗೆ ತೋರಿಸುವ ಗೌರವವೇನೂ ಅಲ್ಲ. ಈ ಮಾತನ್ನು ಸಮಿತಿಗಳು ಹೇಳುವಾಗ ಅವು ಸರಿಯಾಗಿಯೇ ಹೇಳುತ್ತವೆ.

ಇನ್ನೂ ಮುಂದೆ ಹೋಗಿ, ಶಾಲೆಗಳೇ ಬೇಡ ಎಂದವರೂ ಚರ್ಚಿನ ಒಳಗೇ ಇದ್ದರು. 1964ರಲ್ಲಿ ಮೇರಿ ಪರ್ಕಿನ್ಸ್ ರಯಾನ್ ಎಂಬ ಕ್ಯಾಥೊಲಿಕ್ ಲೇಖಕಿ ಧರ್ಮಕೇಂದ್ರದ ಶಾಲೆಗಳೇ ಸರಿಯಾದ ಉತ್ತರವೇ ಎಂದು ಪ್ರಶ್ನಿಸಿ ಒಂದು ಪುಸ್ತಕ ಬರೆದು ದೊಡ್ಡ ಕೋಲಾಹಲಕ್ಕೆ ಕಾರಣರಾದರು. ಅರ್ಧ ಮಕ್ಕಳಿಗಾಗಿ ಎಲ್ಲ ಹಣ, ಎಲ್ಲ ಶ್ರಮ ಖರ್ಚಾಗುತ್ತಿದೆ. ಸರಕಾರಿ ಶಾಲೆಗೆ ಹೋಗುವ ಉಳಿದರ್ಧ ಮಕ್ಕಳ ಗತಿ ಏನು, ದೊಡ್ಡವರ ಶ್ರದ್ಧೆ ಬೆಳೆಸುವವರು ಯಾರು ಎಂಬುದು ಅವರ ವಾದದ ತಿರುಳು. ಅಂದು ಬೈಸಿಕೊಂಡ ಈ ವಾದಕ್ಕೆ ಇಂದಿಗೂ ಬಲವಿದೆ. ಶಾಲೆ ಉಳಿಸಿ ಎಂದು ಫಲಕ ಹಿಡಿಯುವವರು ಅದಕ್ಕೆ ಉತ್ತರ ಕೊಡಲು ಸಿದ್ಧರಿರಬೇಕು. ಅವರ ಉತ್ತರ ನಿಲ್ಲುವುದು ಒಂದೇ ನೆಲೆಯ ಮೇಲೆ: ಆ ಶಾಲೆ ಇಲ್ಲದಿದ್ದರೆ ಬೇರೆ ದಾರಿಯೇ ಇಲ್ಲದ ಮಕ್ಕಳು ಯಾರು ಎಂದು ತೋರಿಸುವುದು.

ಅಂಥ ಮಕ್ಕಳು ಇಂದು ಹಲವೆಡೆ ಕ್ಯಾಥೊಲಿಕರೇ ಅಲ್ಲ. 1970ರಲ್ಲಿ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಅನ್ಯಮತದ ಮಕ್ಕಳು ಶೇ 3ಕ್ಕಿಂತ ಕಡಿಮೆ. ಈಗ ಐವರಲ್ಲಿ ಒಬ್ಬರಷ್ಟು. ನಗರಗಳ ಬಡ ಬಡಾವಣೆಗಳಲ್ಲಿ ಕಪ್ಪು ಜನರ, ಹೆಚ್ಚಾಗಿ ಬ್ಯಾಪ್ಟಿಸ್ಟ್ ಕುಟುಂಬಗಳ ಮಕ್ಕಳೇ ತರಗತಿ ತುಂಬಿರುವ ಶಾಲೆಗಳುಂಟು. ಭಾನುವಾರದ ಬಲಿಪೂಜೆಗೆ ಅವರು ಬರುವುದಿಲ್ಲ, ಕಾಣಿಕೆ ತಟ್ಟೆಗೆ ಅವರ ಪಾಲು ಬೀಳುವುದಿಲ್ಲ. ಅವರಿಗಾಗಿ ಧರ್ಮಕೇಂದ್ರ ಏಕೆ ಸಾಲ ಮಾಡಬೇಕು? ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆ, ಬಡವರಿಗೆ, ಕುಟುಂಬದ ಆಸರೆ ಇಲ್ಲದವರಿಗೆ, ವಿಶ್ವಾಸದ ಹೊರಗಿರುವವರಿಗೆ ಕ್ಯಾಥೊಲಿಕ್ ಶಾಲೆ ವಿಶೇಷವಾಗಿ ಸಲ್ಲಬೇಕು ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ವಾಷಿಂಗ್ಟನ್ನಿನ ಕಾರ್ಡಿನಲ್ ಜೇಮ್ಸ್ ಹಿಕಿ ಇದನ್ನೇ ಇನ್ನೂ ನೇರವಾಗಿ ಹೇಳುತ್ತಿದ್ದರೆಂದು ನೆನೆಯುತ್ತಾರೆ: ಮಕ್ಕಳು ಕ್ಯಾಥೊಲಿಕರೆಂದು ಅಲ್ಲ, ನಾವು ಕ್ಯಾಥೊಲಿಕರಾದ್ದರಿಂದ ಕಲಿಸುತ್ತೇವೆ ಎಂಬ ಅರ್ಥದ ಮಾತು ಅವರ ಹೆಸರಿನಲ್ಲಿದೆ. ಮುಚ್ಚುವ ಪಟ್ಟಿಗಳಲ್ಲಿ ಮೊದಲು ಕಾಣುವ ಹೆಸರುಗಳು ಇಂಥ ಶಾಲೆಗಳದೇ ಆಗಿದ್ದರೆ, ಆ ಘೋಷಣೆಯ ಗತಿಯೇನು ಎಂದು ಕೇಳುವುದು ನ್ಯಾಯ.

ಶಾಲೆ ಹೋದ ಮೇಲೆ ಬೀದಿಗೆ ಏನಾಗುತ್ತದೆ ಎಂಬುದನ್ನೂ ಕೆಲವರು ಅಳೆದು ನೋಡಿದ್ದಾರೆ. ನೋಟರ್ ಡೇಮ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿಯರಾದ ಮಾರ್ಗರೆಟ್ ಬ್ರಿನಿಗ್ ಮತ್ತು ನಿಕೋಲ್ ಸ್ಟೆಲ್ ಗಾರ್ನೆಟ್ ಶಿಕಾಗೋದ ಪೊಲೀಸ್ ಬೀಟುಗಳ ಅಂಕಿಅಂಶಗಳನ್ನು ಹಿಡಿದು 2014ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕ್ಯಾಥೊಲಿಕ್ ಶಾಲೆ ಮುಚ್ಚಿದ ಬಡಾವಣೆಗಳಲ್ಲಿ ಜನರ ನಡುವಿನ ನಂಬಿಕೆ, ಒಗ್ಗಟ್ಟು ಕುಸಿದು, ಅವ್ಯವಸ್ಥೆ ಹೆಚ್ಚಿದ್ದನ್ನು ಅವರು ಕಂಡರು. ಬದಲಿಗೆ ಬಂದ ಚಾರ್ಟರ್ ಶಾಲೆಗಳು ಆ ಜಾಗವನ್ನು ತುಂಬಿದಂತೆ ಕಾಣಲಿಲ್ಲ. ಯಾವ ಶಾಲೆ ಮುಚ್ಚುತ್ತದೆ ಎಂಬುದನ್ನು ನೆರೆಹೊರೆಯ ಬಡತನ ಒಂದೇ ಅಲ್ಲ, ಧರ್ಮಕೇಂದ್ರದ ಗುರುವಿನ ಸ್ಥಿತಿಗತಿಯೂ ನಿರ್ಧರಿಸುತ್ತಿತ್ತು ಎಂಬುದು ಅವರ ಇನ್ನೊಂದು ಶೋಧ. ಪಾದ್ರಿಗಳ ವರ್ಗಾವಣೆಯನ್ನೂ ಶಾಲೆಗಳ ಭವಿಷ್ಯವನ್ನೂ ಬೇರೆ ಬೇರೆ ಕಡತಗಳಲ್ಲಿಟ್ಟು ನೋಡುವ ಧರ್ಮಪ್ರಾಂತ್ಯದ ಕಚೇರಿಗಳು ಈ ಮಾತನ್ನು ಗಮನಿಸಬೇಕು.

ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆಗೆ ಚರ್ಚಿನಲ್ಲೇ ಒಂದು ಸಿದ್ಧ ತತ್ತ್ವವಿದೆ. 1931ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ತಮ್ಮ ವಿಶ್ವಪತ್ರದಲ್ಲಿ ಅದನ್ನು ಬಿಡಿಸಿ ಹೇಳಿದರು: ಸಣ್ಣ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಿತ್ತುಕೊಳ್ಳುವುದು ಅನ್ಯಾಯ. ಶಾಲೆ ಉಳಿಸುವ ಹೋರಾಟಗಾರರೆಲ್ಲ ಇದನ್ನು ಹಿಡಿಯುತ್ತಾರೆ, ಹಿಡಿಯಬೇಕಾದ್ದೇ. ಆದರೆ ಅದೇ ತತ್ತ್ವದ ಇನ್ನರ್ಧ, ಸಣ್ಣದು ತನ್ನ ಕೈಲಾಗದೆ ಕುಸಿದಾಗ ದೊಡ್ಡದು ನೆರವಿಗೆ ಬರಬೇಕೆಂಬುದು, ಸಭೆಗಳಲ್ಲಿ ಕೇಳಿಬರುವುದು ಅಪರೂಪ. ನೆರವು ಎಂದರೆ ಮುಚ್ಚುವ ಆದೇಶವಲ್ಲ.

ಕೇಳದೆ ನಿರ್ಧರಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಾಸ್ಟನ್ನಿನ ಬ್ರೈಟನ್ ಬಡಾವಣೆ ಸಾಕ್ಷಿ. 2005ರ ಜೂನ್‌ನಲ್ಲಿ ಅಲ್ಲಿನ ಅವರ್ ಲೇಡಿ ಆಫ್ ದ ಪ್ರೆಸೆಂಟೇಷನ್ ಶಾಲೆ ವರ್ಷಾಂತ್ಯಕ್ಕೆ ಮುಚ್ಚುವುದಿತ್ತು. ಪೋಷಕರು ಕಟ್ಟಡದಲ್ಲಿ ಧರಣಿ ಕೂರಬಹುದೆಂಬ ಅಂಜಿಕೆಯಿಂದ ಮಹಾಧರ್ಮಪ್ರಾಂತ್ಯ ಶಾಲೆಯ ಕೊನೆಯ ದಿನಕ್ಕೂ ಮೊದಲೇ ಬೀಗ ಬದಲಿಸಿತು. ಮಕ್ಕಳ ಪದವಿ ಸಮಾರಂಭ ಶಾಲೆಯ ಹೊರಗೇ ನಡೆಯಬೇಕಾಯಿತು. ಮುಂದೆ ಊರವರೇ ಸಂಸ್ಥೆ ಕಟ್ಟಿ ಆ ಕಟ್ಟಡ ಕೊಂಡು ಸಮುದಾಯ ಕೇಂದ್ರವಾಗಿ ತೆರೆದರು. ಶಾಲೆಯನ್ನು ನಡೆಸುವಷ್ಟು ಜನರಿಲ್ಲ ಎಂದು ಮುಚ್ಚಿದ ಜಾಗದಲ್ಲಿ ಕಟ್ಟಡ ಕೊಳ್ಳುವಷ್ಟು ಜನಬಲ ಇತ್ತು ಎಂದಾಯಿತು.

ಫಿಲಡೆಲ್ಫಿಯಾದಲ್ಲಿ ಇದಕ್ಕಿಂತ ವಾಸಿ. ಪಟ್ಟಿ ಬಂದ ಮೇಲೆ 24 ಪ್ರಾಥಮಿಕ ಶಾಲೆಗಳು ಮೇಲ್ಮನವಿ ಸಲ್ಲಿಸಿದವು. ಸಮಿತಿಯ ಮುಂದೆ ಬಾರದೆ ಇದ್ದ ಅಂಕಿಅಂಶಗಳನ್ನು ಹೊತ್ತು ಪೋಷಕರು ಬಂದರು. ಹೆಚ್ಚಿನವರಿಗೆ ಪರಿಹಾರ ಸಿಕ್ಕಿತು. ಕೆಲವು ಶಾಲೆ ಉಳಿದವು, ಕೆಲವಕ್ಕೆ ಜೊತೆಗೂಡುವ ಶಾಲೆಯೋ ಸ್ಥಳವೋ ಬದಲಾಯಿತು. ಫೆಬ್ರವರಿ 24ರಂದು ನಾಲ್ಕೂ ಪ್ರೌಢಶಾಲೆಗಳು ಉಳಿಯುತ್ತವೆ ಎಂದು ಶಾಪ್ಯು ಪ್ರಕಟಿಸಿದರು. ಕೆಲವೇ ವಾರಗಳಲ್ಲಿ ದಾನಿಗಳು 1.2 ಕೋಟಿ ಡಾಲರಿಗೂ ಹೆಚ್ಚು ಕೊಡುವ ಭರವಸೆ ನೀಡಿದ್ದರು. ಅದೇ ವರ್ಷ ಪ್ರೌಢಶಾಲೆಗಳ ಆಡಳಿತ ಗೃಹಸ್ಥರ ಪ್ರತಿಷ್ಠಾನವೊಂದರ ಕೈಗೆ ಹೋಯಿತು, ಆರ್ಚ್‌ಬಿಷಪ್ಪರ ಬಂಗಲೆಯನ್ನು ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯ 1 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಬಡ ಬಡಾವಣೆಗಳ ಹದಿನೈದರಷ್ಟು ಶಾಲೆಗಳು ಧರ್ಮಕೇಂದ್ರಗಳಿಂದ ಬೇರ್ಪಟ್ಟು ಇಂಡಿಪೆಂಡೆನ್ಸ್ ಮಿಷನ್ ಸ್ಕೂಲ್ಸ್ ಎಂಬ ಒಂದೇ ಜಾಲದಡಿ ಸೇರಿದವು. ಜನವರಿಯಲ್ಲಿ ಇಲ್ಲದ ಹಣ ಫೆಬ್ರವರಿಯಲ್ಲಿ ಎಲ್ಲಿಂದ ಬಂತು? ಬಾಗಿಲು ಮುಚ್ಚುವ ಮಾತು ಬರುವ ತನಕ ಯಾರೂ ಹೋಗಿ ಕೇಳಿರಲಿಲ್ಲ ಎಂಬುದಲ್ಲದೆ ಬೇರೆ ಉತ್ತರ ಹೊಳೆಯುವುದಿಲ್ಲ.

ದಾನಿಗಳ ಹಣದ ಮಿತಿಯನ್ನು ಮೆಂಫಿಸ್ ತೋರಿಸಿತು. ಅಲ್ಲಿನ ಬಿಷಪ್ ಟೆರಿ ಸ್ಟೈಬ್ 1999ರಿಂದ, ಎಂದೋ ಮುಚ್ಚಿದ್ದ ಒಳನಗರದ ಶಾಲೆಗಳನ್ನು ಒಂದೊಂದಾಗಿ ಮತ್ತೆ ತೆರೆದರು. ಹೆಸರು ಹೇಳದ ದಾನಿಗಳು ಕೊಟ್ಟ 1 ಕೋಟಿ ಡಾಲರು ಅದಕ್ಕೆ ಬುನಾದಿ. ಜ್ಯೂಬಿಲಿ ಶಾಲೆಗಳೆಂದು ಹೆಸರಾದ ಅವುಗಳಲ್ಲಿ ಓದಿದವರು ಹೆಚ್ಚಾಗಿ ಕ್ಯಾಥೊಲಿಕರಲ್ಲದ ಬಡ ಮಕ್ಕಳು. ದೇಶವೇ ಅದನ್ನು ಪವಾಡವೆಂದು ಕೊಂಡಾಡಿತು. ನಿಧಿ ಕರಗಿತು; 2019ರಲ್ಲಿ ಅವೆಲ್ಲ ಮತ್ತೆ ಮುಚ್ಚಿದವು. ವಾಷಿಂಗ್ಟನ್ ಹಿಡಿದದ್ದು ಇನ್ನೊಂದು ದಾರಿ. 2008ರಲ್ಲಿ ಏಳು ಶಾಲೆಗಳನ್ನು ಚಾರ್ಟರ್ ಶಾಲೆಗಳಾಗಿ ಪರಿವರ್ತಿಸಿ ಸರಕಾರದ ಹಣಕ್ಕೆ ಒಪ್ಪಿಸಿದರು. ಮಕ್ಕಳಿಗೆ ಶಾಲೆ ಉಳಿಯಿತು, ಗೋಡೆಯ ಶಿಲುಬೆ ಇಳಿಯಿತು.

ಕ್ಯಾನ್ಸಸ್ ರಾಜ್ಯದ ವಿಚಿಟಾ ಧರ್ಮಪ್ರಾಂತ್ಯದ್ದು ಬೇರೆಯೇ ಕಥೆ. 1960ರ ದಶಕದ ಕೊನೆಯಲ್ಲಿ ಅಲ್ಲಿನ ಸಂತ ಫ್ರಾನ್ಸಿಸ್ ಅಸಿಸಿ ಧರ್ಮಕೇಂದ್ರದ ಗುರು ಥಾಮಸ್ ಮೆಕ್‌ಗ್ರೆಡ್ ತಮ್ಮ ಜನರ ಮುಂದೆ ಒಂದು ಮಾತು ಇಟ್ಟರು: ಪ್ರತಿ ಕುಟುಂಬ ತನ್ನ ಸಮಯದಲ್ಲಿ, ಪ್ರತಿಭೆಯಲ್ಲಿ, ಆದಾಯದಲ್ಲಿ ನಿಗದಿತ ಪಾಲನ್ನು ದೇವರಿಗೆ ಕೊಡಲಿ, ಶಾಲೆಯ ಖರ್ಚು ಆ ಕಾಣಿಕೆಯಿಂದಲೇ ನಡೆಯಲಿ. 1985ರಲ್ಲಿ ಬಿಷಪ್ ಯೂಜೀನ್ ಗರ್ಬರ್ ಅದನ್ನು ಇಡೀ ಧರ್ಮಪ್ರಾಂತ್ಯಕ್ಕೆ ತಂದರು. 2002ರಿಂದ ಅಲ್ಲಿ ಧರ್ಮಕೇಂದ್ರದ ಸಕ್ರಿಯ ಕುಟುಂಬಗಳ ಮಕ್ಕಳಿಗೆ ಶಾಲಾ ಶುಲ್ಕ ಇಲ್ಲ, ಪ್ರೌಢಶಾಲೆಯಲ್ಲೂ ಇಲ್ಲ. ಮಕ್ಕಳು ದೊಡ್ಡವರಾಗಿ ಹೋದ ಮುದುಕ ದಂಪತಿ, ಮದುವೆಯಾಗದವರು, ಮಕ್ಕಳಿಲ್ಲದವರು, ಎಲ್ಲರೂ ಶಾಲೆಗೆ ಕೊಡುತ್ತಾರೆ. ತಮ್ಮ ಶಾಲೆಯನ್ನು ನಡೆಸಲಾರದ ಬಡ ಧರ್ಮಕೇಂದ್ರಗಳಿಗೆ ನೆರವಾಗಲು ಸಂತ ಕ್ಯಾಥರಿನ್ ಡ್ರೆಕ್ಸೆಲ್ ಹೆಸರಿನ ನಿಧಿಯೊಂದಿದೆ.

ಆ ಹೆಸರು ನಮ್ಮನ್ನು ಫಿಲಡೆಲ್ಫಿಯಾಕ್ಕೇ ಕರೆತರುತ್ತದೆ. ಡ್ರೆಕ್ಸೆಲ್ ಅಲ್ಲಿನ ಬ್ಯಾಂಕರ್ ಮನೆತನದ ಮಗಳು, 1858ರಲ್ಲಿ ಹುಟ್ಟಿದವರು. 1891ರಲ್ಲಿ ಕನ್ಯಾಸ್ತ್ರೀಯಾಗಿ ತಮ್ಮದೇ ಸಭೆ ಸ್ಥಾಪಿಸಿ, ಪಿತ್ರಾರ್ಜಿತವಾಗಿ ಬಂದ ಕೋಟ್ಯಂತರ ಡಾಲರನ್ನು ಕಪ್ಪು ಜನರ ಮತ್ತು ಅಮೆರಿಕದ ಮೂಲನಿವಾಸಿಗಳ ಮಕ್ಕಳ ಶಾಲೆಗಳಿಗೆ ಸುರಿದರು. ಎಲ್ಲರ ಕೈಲಾಗದ್ದನ್ನು ಒಬ್ಬರೇ ಮಾಡಿದ ಆ ಕೆಲಸವನ್ನು ವಿಚಿಟಾ ಎಲ್ಲರಿಗೂ ಹಂಚಿತು ಎನ್ನಬಹುದು. ವಿಚಿಟಾದಂಥ ಸಣ್ಣ, ಹೊಂದಿಕೊಂಡ ಜನಸಮೂಹದಲ್ಲಿ ನಡೆದದ್ದು ಜನ ಚದುರಿಹೋದ, ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ದೌರ್ಜನ್ಯದ ಬಗ್ಗೆ 2011ರಲ್ಲಿ ಗ್ರ್ಯಾಂಡ್ ಜ್ಯೂರಿ ವರದಿ ಬಂದು ನಂಬಿಕೆ ಒಡೆದಿದ್ದ ಫಿಲಡೆಲ್ಫಿಯಾದಲ್ಲಿ ನಡೆಯುತ್ತಿತ್ತೇ ಎಂಬ ಸಂದೇಹ ಸಹಜ. ಬಿಷಪ್ಪರ ಮೇಲೆ ಭರವಸೆ ಇಲ್ಲದ ಕಡೆ ಸಾಮಾನ್ಯ ನಿಧಿಗೆ ಕೈ ಬಿಚ್ಚುವವರು ಕಡಿಮೆ. ಆದ್ದರಿಂದಲೇ ಲೆಕ್ಕವನ್ನು ಬಿಚ್ಚಿ ತೋರಿಸುವುದು, ಗೃಹಸ್ಥರನ್ನು ಆಡಳಿತದಲ್ಲಿ ಕೂರಿಸುವುದು ಇಲ್ಲಿ ಪಶ್ಚಾತ್ತಾಪದ ಒಂದು ಭಾಗವೂ ಹೌದು.

ಚರ್ಚಿನ ಕಾನೂನಿನಲ್ಲಿ ಪ್ರತಿ ಧರ್ಮಕೇಂದ್ರ ಸ್ವತಂತ್ರ ವ್ಯಕ್ತಿತ್ವ ಉಳ್ಳದ್ದು. ಅದರ ಆಸ್ತಿ ಅದರದು. ಉಪನಗರದ ಶ್ರೀಮಂತ ಚರ್ಚಿನ ಠೇವಣಿಯನ್ನು ಬಿಷಪ್ ಮನಬಂದಂತೆ ಎತ್ತಿ ಕೊಡಲಾಗದು. ಆದರೆ ತಮ್ಮ ಸಲಹಾ ಮಂಡಳಿಗಳ ಮಾತು ಕೇಳಿ, ಆದಾಯಕ್ಕೆ ತಕ್ಕ ಮಿತವಾದ ತೆರಿಗೆ ವಿಧಿಸುವ ಅಧಿಕಾರವನ್ನು ಅದೇ ಕಾನೂನು ಅವರಿಗೆ ಕೊಟ್ಟಿದೆ. ಇದಕ್ಕಿಂತ ಹಳೆಯ ಆಧಾರವೂ ಇದೆ. ಸಂತ ಪೌಲರು ಮಕೆದೋನಿಯ, ಕೊರಿಂಥಗಳ ಸಭೆಗಳಿಂದ ಹಣ ಎತ್ತಿ ಜೆರುಸಲೇಮಿನ ಬಡ ವಿಶ್ವಾಸಿಗಳಿಗೆ ಒಯ್ದರು. ಕೊಡುವವರಿಗೆ ಅವರು ಹೇಳಿದ್ದು ಸಮಾನತೆಯ ಮಾತು: ಇಂದು ನಿಮ್ಮಲ್ಲಿ ಹೆಚ್ಚಿದೆ, ಅವರಲ್ಲಿ ಕಡಿಮೆ ಇದೆ. ಜೆರುಸಲೇಮಿನ ಸಭೆ ಬಡವಾಗಿದೆ, ಅದನ್ನು ಅಂತಿಯೋಕ್ಯದ ಜೊತೆ ಕೂಡಿಸಿಬಿಡೋಣ ಎಂದು ಅವರು ಯೋಜನೆ ಹಾಕಲಿಲ್ಲ.

ಆದ್ದರಿಂದ ಮಕ್ಕಳನ್ನು ಒಂದೆಡೆ ಸೇರಿಸುವ ಮೊದಲು ಹಣ ಒಂದೆಡೆ ಸೇರಬೇಕು. ಮಹಾಧರ್ಮಪ್ರಾಂತ್ಯದ ಎಲ್ಲ ಧರ್ಮಕೇಂದ್ರಗಳೂ, ಶಾಲೆ ಇರುವವೂ ಇಲ್ಲದವೂ, ಒಂದು ಶಾಲಾ ನಿಧಿಗೆ ಆದಾಯಕ್ಕೆ ತಕ್ಕಂತೆ ಕೊಟ್ಟು ಐದಾರು ವರ್ಷ ನೋಡಿದ ಮೇಲೂ ಒಂದು ಶಾಲೆಯಲ್ಲಿ ಮಕ್ಕಳೇ ಇಲ್ಲ ಎಂದಾದರೆ ಕೂಡಿಸುವ ಮಾತು ಎತ್ತಬಹುದು. ಆಗ ಅದನ್ನು ಒಪ್ಪಲು ಪೋಷಕರಿಗೂ ಕಾರಣವಿರುತ್ತದೆ. ಕೂಡಿಸುವಾಗಲೂ ಮೊದಲು ನೋಡಬೇಕಾದದ್ದು ಬಸ್ಸಿಲ್ಲದ, ಕಾರಿಲ್ಲದ ಮನೆಯ ಮಗು ಹೊಸ ಶಾಲೆಗೆ ಹೇಗೆ ಹೋಗುತ್ತದೆ ಎಂಬುದನ್ನು. ಎರಡು ಶಾಲೆಗಳು ಕೂಡಿದಾಗ ಎಲ್ಲ ಮಕ್ಕಳೂ ಹೊಸ ಶಾಲೆಗೆ ಬರುವುದಿಲ್ಲ. ದಾರಿಯಲ್ಲಿ ಕಳೆದುಹೋಗುವವರು ಯಾವ ಮನೆಯವರೆಂದು ಮೊದಲೇ ಲೆಕ್ಕ ಹಾಕದ ಯೋಜನೆಗೆ ಸಹಿ ಹಾಕಬಾರದು.

ಈಚೆಗೆ ಇನ್ನೊಂದು ಬಾಗಿಲು ತೆರೆದಿದೆ. 2022ರಲ್ಲಿ ಅರಿಜೋನಾ, 2023ರಲ್ಲಿ ಫ್ಲೋರಿಡಾ ರಾಜ್ಯಗಳು ಯಾವ ಕುಟುಂಬ ಬೇಕಾದರೂ ಸರಕಾರದ ಹಣವನ್ನು ಖಾಸಗಿ ಶಾಲೆಗೆ, ಧಾರ್ಮಿಕ ಶಾಲೆಗೂ, ಒಯ್ಯಬಹುದು ಎಂದವು. ಧಾರ್ಮಿಕ ಶಾಲೆ ಎಂಬ ಕಾರಣಕ್ಕೆ ಇಂಥ ನೆರವಿನಿಂದ ಹೊರಗಿಡುವಂತಿಲ್ಲ ಎಂದು 2020 ಮತ್ತು 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕೆಲವು ಧರ್ಮಪ್ರಾಂತ್ಯಗಳಲ್ಲಿ ಇದು ಉಸಿರು ಕೊಡಬಹುದು. ಆದರೆ ಆ ಹಣ ಬರುವುದು ಮಗುವಿನ ಹೆಸರಿನಲ್ಲಿ, ಧರ್ಮಕೇಂದ್ರದ ಹೆಸರಿನಲ್ಲಿ ಅಲ್ಲ. ಮಕ್ಕಳಿಲ್ಲದ ಮುದುಕಿಯೊಬ್ಬಳು ತನ್ನ ಪಿಂಚಣಿಯಿಂದ ಎತ್ತಿಟ್ಟು ಭಾನುವಾರ ತರುತ್ತಿದ್ದ ಲಕೋಟೆಗೆ ಅದು ಬದಲಿ ಅಲ್ಲ. ಆ ಲಕೋಟೆ ನಿಂತುಹೋದರೆ ಶಾಲೆ ಉಳಿದರೂ ಅದು ಧರ್ಮಕೇಂದ್ರದ ಶಾಲೆಯಾಗಿ ಉಳಿಯುವುದಿಲ್ಲ. ಅರಿಜೋನಾ, ಫ್ಲೋರಿಡಾದ ಬಿಷಪ್ಪರು ಈಗಲೇ, ಕೈಯಲ್ಲಿ ಹಣವಿರುವಾಗಲೇ, ತಮ್ಮ ಧರ್ಮಕೇಂದ್ರಗಳನ್ನು ಸೇರಿಸಿ ಈ ಮಾತು ಆಡಬೇಕಾಗಿದೆ. ಫಿಲಡೆಲ್ಫಿಯಾ ಅದನ್ನು ಆಡಲು ಹೊರಟಾಗ ಪಟ್ಟಿ ಅಚ್ಚಾಗಿತ್ತು.